ಕಮಿರೀಥು ರಂಗಮಂದಿರದ ಪ್ರಕರಣ: ಗಿಕುಯು ನಾಟಕವೊಂದಕ್ಕೆ ಕೀನ್ಯಾ ಸರ್ಕಾರ ಅಂಜಿದ್ದೇಕೆ?

1977ರಲ್ಲಿ ಕೀನ್ಯಾದ ಲೇಖಕ ಗೂಗಿ ವಾ ಥಿಯೊಂಗೊ ಅವರ ಎರಡು ಕೃತಿಗಳು ಮೂರು ತಿಂಗಳ ಅಂತರದಲ್ಲಿ ಜನರ ಮುಂದೆ ಬಂದವು. ಮೊದಲನೆಯದು ಜುಲೈಯಲ್ಲಿ ಪ್ರಕಟವಾದ ‘ಪೆಟಲ್ಸ್ ಆಫ್ ಬ್ಲಡ್’ ಎಂಬ ಇಂಗ್ಲಿಷ್ ಕಾದಂಬರಿ. ಹೆಂಡದ ಕಾರ್ಖಾನೆಯ ಮೂವರು ನಿರ್ದೇಶಕರ ಕೊಲೆಯಿಂದ ಆರಂಭವಾಗಿ, ಸ್ವಾತಂತ್ರ್ಯದ ಫಲವನ್ನು ಹೊಸ ಧನಿಕರು ಬಾಚಿಕೊಂಡ ಪರಿಯನ್ನು ಸ್ವಲ್ಪವೂ ಮುಚ್ಚುಮರೆಯಿಲ್ಲದೆ ಹೇಳುವ ಈ ಕಾದಂಬರಿಯನ್ನು ನೈರೋಬಿಯಲ್ಲಿ ಬಿಡುಗಡೆ ಮಾಡಿದವರು ಸ್ವತಃ ಆಗಿನ ಹಣಕಾಸು ಸಚಿವ ಮ್ವಾಯ್ ಕಿಬಾಕಿ. ಎರಡನೆಯದು ಅಕ್ಟೋಬರ್ 2ರಂದು ಲಿಮುರು ಬಳಿಯ ಕಮಿರೀಥು ಎಂಬ ಹಳ್ಳಿಯ ಬಯಲು ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡ ‘ಙಾಹಿಕಾ ನ್ದೇಂದಾ’ ಎಂಬ, ಅಲ್ಲಿನ ಗಿಕುಯು ಜನರ ನುಡಿಯಲ್ಲಿದ್ದ ನಾಟಕ. ‘ನನಗೆ ಬೇಕೆನಿಸಿದಾಗ ಮದುವೆಯಾಗುವೆ’ ಎಂಬುದು ಆ ಹೆಸರಿನ ಅರ್ಥ. ನವೆಂಬರ್ 16ರಂದು ಅದರ ಪರವಾನಗಿ ರದ್ದಾಯಿತು. ಡಿಸೆಂಬರ್ 30–31ರ ನಡುರಾತ್ರಿ ಪೊಲೀಸರು ಗೂಗಿಯವರ ಮನೆ ಶೋಧಿಸಿ ಅವರನ್ನು ಕರೆದೊಯ್ದರು. ವಿಚಾರಣೆಯಿಲ್ಲದೆಯೇ ಅವರು ಮುಂದಿನ ವರ್ಷದ ಬಹುಭಾಗವನ್ನು ಕಮಿತಿ ಸೆರೆಮನೆಯಲ್ಲಿ ಕಳೆದರು.

ಹೇಳಿದ ಮಾತು ಹೆಚ್ಚುಕಡಿಮೆ ಒಂದೇ, ಹೇಳಿದವರೂ ಒಬ್ಬರೇ. ಆದರೂ ಒಂದಕ್ಕೆ ಸಚಿವರ ಹಾರೈಕೆ ದೊರೆತರೆ ಇನ್ನೊಂದಕ್ಕೆ ಸೆರೆಮನೆ ಕಾದಿತ್ತು. ಆಫ್ರಿಕದ ಸಾಹಿತ್ಯದಲ್ಲಿ ಭಾಷೆಯ ಆಯ್ಕೆ ಕುರಿತು ದಶಕಗಳಿಂದ ನಡೆದಿರುವ ಚರ್ಚೆಗಳಲ್ಲಿ ಬಹುಪಾಲು ತತ್ತ್ವದ ನೆಲೆಯಲ್ಲಿಯೇ ನಿಂತುಬಿಡುತ್ತವೆ. ಕಮಿರೀಥುವಿನಲ್ಲಿ ಆ ಆಯ್ಕೆಯ ಪರಿಣಾಮವನ್ನು ತಾರೀಖುಗಳ ಸಮೇತ ನೋಡಬಹುದಾದ್ದರಿಂದ ಈ ಪ್ರಕರಣವನ್ನು ವಿವರವಾಗಿ ಪರಿಶೀಲಿಸಬೇಕೆನಿಸಿತು.

ಹೆಸರಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕನ್ನಡದಲ್ಲಿ ನಾವು ‘ಗೂಗಿ’ ಎಂದು ಬರೆಯುವುದು ಇಂಗ್ಲಿಷ್ ಕಾಗುಣಿತವನ್ನು ನೋಡಿ. ಗಿಕುಯು ಲಿಪಿಯಲ್ಲಿ ಮೇಲೆ ಗೆರೆಯಿರುವ ‘ಯು’ ಅಕ್ಷರಕ್ಕೆ ‘ಒ’ಕಾರದ, ಅಂಥದ್ದೇ ‘ಐ’ ಅಕ್ಷರಕ್ಕೆ ‘ಎ’ಕಾರದ ಉಚ್ಚಾರವಿದೆ, ಮೊದಲ ಧ್ವನಿ ಅನುನಾಸಿಕದಿಂದ ಹೊರಡುತ್ತದೆ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ‘ಙ’ಕಾರಕ್ಕೆ ಈ ಹೆಸರಿನಲ್ಲಿ ನಿಜವಾದ ಕೆಲಸವಿತ್ತು. ಆದರೆ ರೂಢಿ ಬಲವಾದದ್ದು, ಆದ್ದರಿಂದ ಇಲ್ಲಿಯೂ ಗೂಗಿ ಎಂದೇ ಬರೆದಿದ್ದೇನೆ.

ಗೂಗಿ ಹುಟ್ಟಿದ್ದು 1938ರಲ್ಲಿ, ಇದೇ ಕಮಿರೀಥುವಿನಲ್ಲಿ. ಕ್ರೈಸ್ತ ದೀಕ್ಷೆಯ ಹೆಸರು ಜೇಮ್ಸ್. ವಸಾಹತು ಸರ್ಕಾರದ ವಿರುದ್ಧ ಮಾವ್ ಮಾವ್ ಸಶಸ್ತ್ರ ಹೋರಾಟ ಎದ್ದು, 1952ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಅವರಿನ್ನೂ ಶಾಲಾ ಬಾಲಕ. ಗಿಕುಯು ಜನರೇ ಕಟ್ಟಿ ನಡೆಸುತ್ತಿದ್ದ ಸ್ವತಂತ್ರ ಶಾಲೆಗಳನ್ನು ಸರ್ಕಾರ ವಶಪಡಿಸಿಕೊಂಡ ಮೇಲೆ ಇಂಗ್ಲಿಷ್ ಕಡ್ಡಾಯವಾಯಿತು. ಶಾಲೆಯ ಆವರಣದಲ್ಲಿ ಗಿಕುಯು ಮಾತಾಡಿ ಸಿಕ್ಕಿಬಿದ್ದವರಿಗೆ ಬೆತ್ತದ ಏಟು ಬೀಳುತ್ತಿತ್ತು, ಇಲ್ಲವೇ ‘ನಾನು ಕತ್ತೆ’ ಎಂಬಂಥ ಬರಹವಿರುವ ಲೋಹದ ತಗಡನ್ನು ಕೊರಳಿಗೆ ತೂಗುಹಾಕಲಾಗುತ್ತಿತ್ತು. ಸಿಕ್ಕಿಬೀಳುವ ಏರ್ಪಾಡು ಇದಕ್ಕಿಂತ ಜಾಣತನದ್ದು. ಬೆಳಿಗ್ಗೆ ಒಬ್ಬ ಹುಡುಗನ ಕೈಗೆ ಒಂದು ಗುಂಡಿ ಕೊಡುವುದು. ತಾಯ್ನುಡಿಯಲ್ಲಿ ಮಾತಾಡಿದವನನ್ನು ಕಂಡೊಡನೆ ಅವನು ಅದನ್ನು ದಾಟಿಸುವುದು. ಸಂಜೆ ಗುಂಡಿ ಯಾರ ಬಳಿ ಉಳಿಯಿತೋ ಅವನು ತನಗೆ ಕೊಟ್ಟವನ ಹೆಸರು ಹೇಳುವುದು, ಹಾಗೆಯೇ ಸರಪಳಿ ಹಿಡಿದು ಹಿಂದಕ್ಕೆ ಹೋಗುವುದು. ಮಕ್ಕಳು ಇಂಗ್ಲಿಷಿನ ಜೊತೆಗೆ ಚಾಡಿ ಹೇಳುವುದನ್ನೂ ಕಲಿತರು. ಗೂಗಿ ಮುಂದೆ ಭಾಷೆಯ ಬಗ್ಗೆ ಬರೆದುದರಲ್ಲೆಲ್ಲ ಈ ಗುಂಡಿಯ ನೆನಪು ಕೆಲಸ ಮಾಡಿದೆ ಎಂದು ನನಗನ್ನಿಸುತ್ತದೆ.

1962ರ ಜೂನ್‌ನಲ್ಲಿ ಉಗಾಂಡದ ಮಕೆರೆರೆ ವಿದ್ಯಾಲಯದಲ್ಲಿ ಆಫ್ರಿಕದ ಲೇಖಕರ ಸಮ್ಮೇಳನ ನಡೆದಾಗ, ವಿದ್ಯಾರ್ಥಿಯಾಗಿದ್ದ ಗೂಗಿ ತಮ್ಮ ಕಾದಂಬರಿಯ ಹಸ್ತಪ್ರತಿಯನ್ನು ನೈಜೀರಿಯದ ಕಾದಂಬರಿಕಾರ ಚಿನುವಾ ಅಚೆಬೆ ಅವರಿಗೆ ತೋರಿಸಿದರು. ಆ ಸಮ್ಮೇಳನಕ್ಕೆ ಆಹ್ವಾನ ಪಡೆಯಲು ಇಂಗ್ಲಿಷಿನಲ್ಲಿ ಬರೆಯುವುದೇ ಅರ್ಹತೆಯಾಗಿತ್ತು. ಸ್ವಾಹಿಲಿಯಲ್ಲೋ ಯೊರುಬಾದಲ್ಲೋ ಎಷ್ಟೇ ದೊಡ್ಡ ಕೆಲಸ ಮಾಡಿದ್ದರೂ ಅದಷ್ಟರಿಂದಲೇ ಅಲ್ಲಿ ಜಾಗ ಸಿಗುವಂತಿರಲಿಲ್ಲ. ಮರುವರ್ಷ ನೈಜೀರಿಯದ ಓಬಿ ವಾಲಿ, ಐರೋಪ್ಯ ಭಾಷೆಗಳಲ್ಲಿ ಬರೆಯುವ ಆಫ್ರಿಕನ್ ಸಾಹಿತ್ಯದ ದಾರಿ ಮುಂದೆ ಮುಚ್ಚಿದೆ ಎಂದು ವಾದಿಸಿ ದೊಡ್ಡ ಗದ್ದಲವೆಬ್ಬಿಸಿದರು. ಅಚೆಬೆ ಒಪ್ಪಲಿಲ್ಲ. ನೂರಾರು ನುಡಿಗಳ ನೈಜೀರಿಯದಂಥ ದೇಶದಲ್ಲಿ ರಾಷ್ಟ್ರವೆಂಬುದು ತನ್ನೊಳಗೆ ತಾನು ಮಾತಾಡಿಕೊಳ್ಳಲು ಇತಿಹಾಸ ಬಿಟ್ಟುಹೋದ ಸಾಧನ ಇಂಗ್ಲಿಷೇ ಆಗಿದೆ, ಆ ಇಂಗ್ಲಿಷನ್ನು ಆಫ್ರಿಕದ ಅನುಭವಕ್ಕೆ ಹೊಂದುವಂತೆ ಬಗ್ಗಿಸಬಹುದು ಎಂಬುದು ಅವರ ನಿಲುವು. ಇದನ್ನು ವಸಾಹತು ಮೋಹವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಗೂಗಿ ತಾವೇ ಆ ಮೇಲಿನ ಹದಿನೈದು ವರ್ಷ ಇದೇ ದಾರಿಯಲ್ಲಿ ನಡೆದು ನಾಲ್ಕು ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ಬರೆದರು. 1968ರಲ್ಲಿ ತಬಾನ್ ಲೊ ಲಿಯೊಂಗ್ ಮತ್ತು ಹೆನ್ರಿ ಒವುವೊರ್ ಅನ್ಯುಂಬಾ ಅವರೊಂದಿಗೆ ಸೇರಿ ನೈರೋಬಿ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗವನ್ನೇ ರದ್ದುಮಾಡಬೇಕೆಂದು ಟಿಪ್ಪಣಿ ಸಲ್ಲಿಸಿದರು. ಆ ಟಿಪ್ಪಣಿಯೂ ಇಂಗ್ಲಿಷಿನಲ್ಲಿಯೇ ಇತ್ತು.

ಅವರನ್ನು ಗಿಕುಯುವಿನ ಕಡೆಗೆ ತಿರುಗಿಸಿದ್ದು ಸಿದ್ಧಾಂತವೆನ್ನುವುದಕ್ಕಿಂತ ಊರಿನ ಒಬ್ಬ ಹೆಂಗಸಿನ ಪಟ್ಟು ಎನ್ನಬೇಕು. 1976ರಲ್ಲಿ ಕಮಿರೀಥುವಿನ ಆ ಮಹಿಳೆ ಗೂಗಿಯವರ ಮನೆಗೆ ಬಂದು, ಇಷ್ಟು ಓದಿದ್ದೀರಿ, ಪುಸ್ತಕ ಬರೆಯುತ್ತೀರಿ, ಊರಿಗಾಗಿ ಏನಾದರೂ ಮಾಡಬಾರದೇ ಎಂದು ಕೇಳಿದರು. ಮತ್ತೆ ಬಂದರು, ಮತ್ತೂ ಬಂದರು. ಊರಿನಲ್ಲಿ ಯುವಜನ ಕೇಂದ್ರವೊಂದು ಪಾಳುಬಿದ್ದಿತ್ತು. ಆ ಊರಿನ ಈಗಿನ ನೆಲೆಯೇ ತುರ್ತುಪರಿಸ್ಥಿತಿಯ ಕಾಲದಲ್ಲಿ ಜನರನ್ನು ಮಾವ್ ಮಾವ್ ಹೋರಾಟಗಾರರಿಂದ ಬೇರ್ಪಡಿಸಲೆಂದು ಬ್ರಿಟಿಷರು ಒಂದೆಡೆ ಗುಡ್ಡೆಹಾಕಿದ ವಸತಿ. ಅಲ್ಲಿದ್ದವರಲ್ಲಿ ಹೆಚ್ಚಿನವರು ಚಹಾ ತೋಟಗಳಲ್ಲಿ, ಸಮೀಪದ ಪಾದರಕ್ಷೆ ಕಾರ್ಖಾನೆಯಲ್ಲಿ ದುಡಿಯುವವರು, ಇಲ್ಲವೇ ತುಂಡು ಭೂಮಿಯ ರೈತರು. ವಯಸ್ಕರ ಅಕ್ಷರಾಭ್ಯಾಸದಿಂದ ಕೆಲಸ ಶುರುವಾಯಿತು. ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆಯಲ್ಲಿದ್ದ ಗೂಗಿ ವಾ ಮಿರೀ ಅದನ್ನು ವಹಿಸಿಕೊಂಡರು. ಓದು ಕಲಿತವರಿಗೆ ಮುಂದೇನು ಎಂಬ ಪ್ರಶ್ನೆಗೆ ಉತ್ತರವಾಗಿ ನಾಟಕ ಬಂತು. ಯಾವ ಭಾಷೆಯಲ್ಲಿ ಎಂಬುದು ಅಲ್ಲಿ ಯಾರಿಗೂ ಸಮಸ್ಯೆಯಾಗಲಿಲ್ಲ. ಕೂಲಿಯವರು ಆಡುವ, ಕೂಲಿಯವರೇ ನೋಡುವ ನಾಟಕವನ್ನು ಇಂಗ್ಲಿಷಿನಲ್ಲಿ ಬರೆಯುವುದು ನಗೆಪಾಟಲಾಗುತ್ತಿತ್ತು.

ಇಬ್ಬರು ಗೂಗಿಗಳು ಬರೆದ ಕರಡನ್ನು ಊರವರ ಮುಂದೆ ಓದಲಾಯಿತು. ಈ ಪ್ರಕರಣದ ತಿರುಳು ಇಲ್ಲಿಂದ ಮುಂದಿನ ತಿಂಗಳುಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಓದುಬರಹ ಈಗಷ್ಟೇ ಕಲಿತವರು, ಕಲಿಯದವರು ಎಲ್ಲರೂ ತಿದ್ದುಪಡಿ ಹೇಳತೊಡಗಿದರು. ಮುದುಕನೊಬ್ಬ ಹೀಗೆ ಮಾತಾಡುವುದಿಲ್ಲ, ಮಾತಿನಲ್ಲಿ ಗಾದೆಯಿರಬೇಕು. ಹಿರಿಯರೆದುರು ಕೂರುವ ರೀತಿ ಇದಲ್ಲ. ಈ ಹಾಡು ಈ ಸಂದರ್ಭದ್ದಲ್ಲ, ಅದರ ಹೆಜ್ಜೆ ಬೇರೆ. ಕಾರ್ಖಾನೆಯ ಕೆಲಸಗಾರರು ಕೂಲಿಯ ಲೆಕ್ಕವನ್ನು ಪ್ರಾಧ್ಯಾಪಕರಿಗಿಂತ ಖಚಿತವಾಗಿ ಬಿಡಿಸಿ ಹೇಳಿದರು. ನಾಟಕಕ್ಕೆ ಬೇಕಾದ ಹುಸಿಕೋವಿಗಳನ್ನು ಮಾಡಿಕೊಟ್ಟವರು 1950ರ ದಶಕದಲ್ಲಿ ಮಾವ್ ಮಾವ್ ಹೋರಾಟಗಾರರಿಗೆ ನಿಜವಾದ ಕೋವಿ ಮಾಡಿಕೊಟ್ಟಿದ್ದವರೇ. ಕಿಮಾನಿ ಗೆಚಾವ್ ನಿರ್ದೇಶಿಸಿದ ತಾಲೀಮುಗಳು ಬಯಲಿನಲ್ಲಿ ಎಲ್ಲರೆದುರೇ ನಡೆದುದರಿಂದ ನೋಡಲು ಬಂದವರೂ ಸಲಹೆ ಕೊಟ್ಟು ಹೋಗುತ್ತಿದ್ದರು. ಮೊದಲ ಪ್ರದರ್ಶನದ ವೇಳೆಗೆ ಸುತ್ತಲಿನ ಎಷ್ಟೋ ಮಂದಿಗೆ ಮಾತುಗಳು ಬಾಯಿಪಾಠವಾಗಿದ್ದವು. ಎರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ರಂಗಮಂದಿರವನ್ನು ಊರವರೇ ಕಟ್ಟಿದರು, ಮಾದರಿಯನ್ನು ಬೆಂಕಿಕಡ್ಡಿಗಳಲ್ಲಿ ಜೋಡಿಸಿ ತೋರಿಸಿದವರೂ ಅವರೇ.

ಇಂಗ್ಲಿಷಿನಲ್ಲಿ ಬರೆಯುವಾಗ ಗೂಗಿಯವರ ಭಾಷೆಯನ್ನು ತಿದ್ದುವ ಅಧಿಕಾರ ಲಂಡನ್ನಿನ ಸಂಪಾದಕರಿಗಿತ್ತು, ವಿಮರ್ಶಕರಿಗಿತ್ತು. ಗಿಕುಯುವಿಗೆ ಬಂದೊಡನೆ ಆ ಅಧಿಕಾರ ಚಹಾ ಕೊಯ್ಯುವ ಹೆಂಗಸರ ಕೈಗೆ ಬಂತು. ಭಾಷೆಯ ಆಯ್ಕೆಯನ್ನು ನಾವು ಸಾಮಾನ್ಯವಾಗಿ ಲೇಖಕನ ಅಸ್ಮಿತೆಯ ಮಾತಾಗಿ, ಅವನು ಯಾರೆಂದು ಸಾರಿಕೊಳ್ಳುವ ಬಾವುಟವಾಗಿ ನೋಡುತ್ತೇವೆ. ಕಮಿರೀಥುವಿನಲ್ಲಿ ಅದು ಯಾರು ಯಾರ ತಪ್ಪು ಹಿಡಿಯಬಹುದು ಎಂಬುದನ್ನು ಬದಲಾಯಿಸಿತು. ಮುಂದೆ ಸರ್ಕಾರಕ್ಕೆ ಅಪಾಯಕರವಾಗಿ ಕಂಡದ್ದೂ ಇದೇ ಇರಬೇಕು.

ನಾಟಕದ ಕಥೆ ನೇರವಾದದ್ದು. ಕಿಗೂಂದಾ ಎಂಬ ಬಡ ಕೂಲಿಗೆ ಒಂದೂವರೆ ಎಕರೆ ಭೂಮಿಯಿದೆ, ಅದರ ಹಕ್ಕುಪತ್ರವನ್ನು ಗೋಡೆಗೆ ತೂಗುಹಾಕಿದ್ದಾನೆ. ಅವನ ಧಣಿ ಕಿಯೊಯಿ ಚರ್ಚಿನ ದೊಡ್ಡ ಮನುಷ್ಯ. ನಿನ್ನದೂ ಹೆಂಡತಿಯದೂ ಪಾಪದ ಬಾಳು, ಚರ್ಚಿನಲ್ಲಿ ಮತ್ತೆ ಮದುವೆಯಾಗಿ ಎಂದು ಅವನು ಒತ್ತಾಯಿಸುತ್ತಾನೆ. ಧಣಿಯ ಮಗ ತಮ್ಮ ಮಗಳನ್ನು ಮೆಚ್ಚಿರುವುದರಿಂದ ಬೀಗತನದ ಮುನ್ಸೂಚನೆ ಇದೆಂದು ಗಂಡಹೆಂಡಿರು ಭ್ರಮಿಸಿ, ಮದುವೆಯ ಖರ್ಚಿಗೆ ಭೂಮಿ ಅಡವಿಟ್ಟು ಸಾಲ ಮಾಡುತ್ತಾರೆ. ಮಗಳು ಬಸಿರಾಗಿ ಕೈಬಿಡಲ್ಪಡುತ್ತಾಳೆ, ಕಿಗೂಂದಾ ಕೆಲಸ ಕಳೆದುಕೊಳ್ಳುತ್ತಾನೆ, ಭೂಮಿ ಹರಾಜಾಗುತ್ತದೆ. ಅಲ್ಲಿ ವಿದೇಶಿ ಪಾಲುದಾರಿಕೆಯ ಕೀಟನಾಶಕ ಕಾರ್ಖಾನೆ ಬರಬೇಕಾಗಿದೆ. ನಾಟಕದ ಹೆಸರು ಬಂದದ್ದು ದಾರಿಯಲ್ಲಿ ಹೋಗುವ ಕುಡುಕನೊಬ್ಬನ ಹಾಡಿನಿಂದ. ಮಾವ್ ಮಾವ್ ಹೋರಾಟ ಆರಂಭವಾಗಿ 25 ವರ್ಷ ತುಂಬುವ ಹೊತ್ತಿಗೇ ಮೊದಲ ಪ್ರದರ್ಶನವನ್ನಿಟ್ಟದ್ದು ಆಕಸ್ಮಿಕವಲ್ಲ. ಯಾರ ಭೂಮಿಗಾಗಿ ಹೋರಾಟ ನಡೆಯಿತೋ ಅವರಿಗೆ ಭೂಮಿ ಸಿಕ್ಕಿತೇ ಎಂದು, ಆ ಹೋರಾಟದಲ್ಲಿ ಮನೆಯವರನ್ನು ಕಳೆದುಕೊಂಡ ಪ್ರೇಕ್ಷಕರ ಮುಂದೆಯೇ ನಾಟಕ ಕೇಳುತ್ತಿತ್ತು.

ಪ್ರದರ್ಶನಕ್ಕೆ ಜಿಲ್ಲಾಧಿಕಾರಿಯ ಪರವಾನಗಿ ಬೇಕೆಂಬ ನಿಯಮ ವಸಾಹತು ಆಡಳಿತದಿಂದ ಬಳುವಳಿಯಾಗಿ ಬಂದದ್ದು. ಅದನ್ನು ರದ್ದುಮಾಡಲು ಕೊಟ್ಟ ಕಾರಣ ಸಾರ್ವಜನಿಕ ಭದ್ರತೆ. ನಾಟಕ ವರ್ಗಸಂಘರ್ಷವನ್ನು ಪ್ರಚೋದಿಸುತ್ತದೆ ಎಂದೂ ಅಧಿಕಾರಿಗಳು ಹೇಳಿದರು. ಗೂಗಿ ಬಂಧನಕ್ಕೊಳಗಾದಾಗ ಗೃಹ ಖಾತೆ ಇದ್ದದ್ದು ಉಪಾಧ್ಯಕ್ಷ ಡೇನಿಯಲ್ ಅರಪ್ ಮೊಯಿ ಅವರ ಬಳಿ. 1978ರ ಆಗಸ್ಟ್ 22ರಂದು ಅಧ್ಯಕ್ಷ ಜೊಮೊ ಕೆನ್ಯಾಟಾ ತೀರಿಕೊಂಡು ಮೊಯಿ ಅಧಿಕಾರಕ್ಕೆ ಬಂದ ಮೇಲೆ, ಆ ವರ್ಷದ ಸ್ವಾತಂತ್ರ್ಯ ದಿನವಾದ ಡಿಸೆಂಬರ್ 12ರಂದು ರಾಜಕೀಯ ಬಂದಿಗಳನ್ನೆಲ್ಲ ಬಿಡುಗಡೆ ಮಾಡಿದರು. ವಿಶ್ವವಿದ್ಯಾಲಯದ ಹುದ್ದೆ ಮಾತ್ರ ಗೂಗಿಯವರಿಗೆ ಮರಳಿ ಸಿಗಲಿಲ್ಲ.

ಇಲ್ಲಿ ಎಚ್ಚರ ಅಗತ್ಯ. ಇಂಗ್ಲಿಷ್ ಕಾದಂಬರಿಗೆ ಸಚಿವರು, ಗಿಕುಯು ನಾಟಕಕ್ಕೆ ಪೊಲೀಸರು ಎಂಬ ಹೋಲಿಕೆಯಿಂದ, ಸರ್ಕಾರ ಅಂಜಿದ್ದು ಭಾಷೆಗೆ ಎಂದು ನೇರವಾಗಿ ತೀರ್ಮಾನಿಸಿಬಿಡುವ ಆಸೆಯಾಗುತ್ತದೆ. ಗೂಗಿಯವರ ಅಭಿಮಾನಿಗಳಲ್ಲಿ ಅನೇಕರು ಹಾಗೆ ತೀರ್ಮಾನಿಸಿಯೂ ಇದ್ದಾರೆ. ಆದರೆ ಒಂದು ಕಾದಂಬರಿ, ಇನ್ನೊಂದು ನಾಟಕ. ಒಬ್ಬೊಬ್ಬರೇ ಮನೆಯಲ್ಲಿ ಕುಳಿತು ಓದುವುದಕ್ಕೂ ಸಾವಿರಾರು ಮಂದಿ ಒಂದೆಡೆ ನೆರೆದು ಒಕ್ಕೊರಲಿನಿಂದ ಹಾಡುವುದಕ್ಕೂ ವ್ಯತ್ಯಾಸವಿದೆ. ಅಲ್ಲದೆ ಇಲ್ಲಿ ಊರವರು ತಮ್ಮದೇ ಸಮಿತಿಗಳನ್ನು ರಚಿಸಿಕೊಂಡು, ಹಣ ಕೂಡಿಸಿ, ಆಡಳಿತ ಪಕ್ಷದ ಹಂಗಿಲ್ಲದೆ ಸಂಘಟಿತರಾಗಿದ್ದರು. ಗಿಕುಯುವಿನಲ್ಲಿ ಬರೆದ ಭಾವಗೀತೆಯ ಸಂಕಲನವೊಂದಕ್ಕೆ ಯಾರೂ ಲೇಖಕರನ್ನು ಸೆರೆಗೆ ಹಾಕುತ್ತಿರಲಿಲ್ಲ. ಭಾಷೆ, ಪ್ರಕಾರ, ಸಂಘಟನೆ ಈ ಮೂರರಲ್ಲಿ ಯಾವುದರ ಪಾಲು ಎಷ್ಟು ಎಂದು ತೂಗುವುದು ಕಷ್ಟ. ಆದರೆ ಉಳಿದೆರಡಕ್ಕೂ ಭಾಷೆ ಬಾಗಿಲಾಗಿತ್ತು ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು: ಇಂಗ್ಲಿಷಿನಲ್ಲಿ ಆ ತಾಲೀಮೂ ನಡೆಯುತ್ತಿರಲಿಲ್ಲ, ಆ ಸಮಿತಿಗಳೂ ಹುಟ್ಟುತ್ತಿರಲಿಲ್ಲ.

ಸೆರೆಮನೆಯಲ್ಲಿ ಗೂಗಿ ತಮ್ಮ ಮೊದಲ ಗಿಕುಯು ಕಾದಂಬರಿಯನ್ನು ಬರೆದದ್ದು ಶೌಚಕ್ಕೆಂದು ಕೊಡುತ್ತಿದ್ದ ಕಾಗದದ ಮೇಲೆ. ಬಂದಿಗಳಿಗೆ ಶಿಕ್ಷೆಯಾಗಲೆಂದೋ ಏನೋ ಅದು ಒರಟಾಗಿದ್ದುದರಿಂದ ಲೇಖನಿಗೆ ಒಗ್ಗಿತು. ಒಮ್ಮೆ ಶೋಧದಲ್ಲಿ ಹಸ್ತಪ್ರತಿ ಸಿಕ್ಕಿಬಿದ್ದು, ಮೂರು ವಾರಗಳ ಬಳಿಕ ಅಧಿಕಾರಿಯೊಬ್ಬರು ಅದನ್ನು ಹಿಂದಿರುಗಿಸಿದರು. ಬರೆಯುವಾಗ ಗೂಗಿಯವರಿಗೆ ಎದುರಾದ ದೊಡ್ಡ ತೊಡಕು ಕಾಗುಣಿತದ್ದು. ಮಿಶನರಿಗಳು ರೂಪಿಸಿದ ಗಿಕುಯು ಬರವಣಿಗೆಯಲ್ಲಿ ದೀರ್ಘಸ್ವರವನ್ನು ತೋರಿಸುವ ಕ್ರಮ ಸರಿಯಾಗಿರಲಿಲ್ಲವಾದ್ದರಿಂದ, ನಿನ್ನೆ ಬರೆದ ವಾಕ್ಯವನ್ನು ಇಂದು ತಾವೇ ಬೇರೆಯಾಗಿ ಓದಿಕೊಳ್ಳುವಂತಾಗುತ್ತಿತ್ತು. ಸ್ವರಗಳನ್ನು ಇಮ್ಮಡಿಸಿ ಬರೆದು ಅವರು ಅದನ್ನು ದಾಟಿದರು. ಕಾದಂಬರಿಯ ಹೆಸರು ‘ಶೈತಾನಿ ಮುಥರಬಾ-ಇನಿ’, ಶಿಲುಬೆಯ ಮೇಲಿನ ಸೈತಾನ. ಸೈತಾನ ಮತ್ತು ಶಿಲುಬೆ ಎಂಬ ಎರಡೂ ಪದಗಳು ಅರಬ್ಬಿಯಿಂದ ಸ್ವಾಹಿಲಿಯ ಮೂಲಕ ಗಿಕುಯುವಿಗೆ ಬಂದವು. ನುಡಿಯ ಶುದ್ಧಿ ಅವರ ತಲೆನೋವಾಗಿರಲಿಲ್ಲ ಎಂಬುದಕ್ಕೆ ಈ ಶೀರ್ಷಿಕೆಗಿಂತ ಬೇರೆ ಸಾಕ್ಷಿ ಬೇಡ. 1980ರಲ್ಲಿ ಪ್ರಕಟವಾದ ಪುಸ್ತಕ ಅದೇ ವರ್ಷ ಮರುಮುದ್ರಣ ಕಂಡಿತು. ಮನೆಗಳಲ್ಲಿ ಓದು ಬಲ್ಲವರು ಉಳಿದವರಿಗೆ ಓದಿ ಹೇಳಿದರು. ಪ್ರಯಾಣಿಕರನ್ನು ಸಾಗಿಸುವ ಮತಾತು ವ್ಯಾನುಗಳಲ್ಲಿ ಓದಾಯಿತು. ಹೆಂಡದಂಗಡಿಗಳಲ್ಲಿ ಒಬ್ಬ ಗಟ್ಟಿಯಾಗಿ ಓದುವುದು, ಕತೆ ರಸವತ್ತಾದೆಡೆ ತನ್ನ ಲೋಟ ಖಾಲಿಯಾಗಿದೆ ಎಂದು ಪುಸ್ತಕ ಕೆಳಗಿಡುವುದು, ಕೇಳುಗರು ಲೋಟ ತುಂಬಿಸಿದ ಮೇಲೆ ಮುಂದುವರಿಸುವುದು ನಡೆಯಿತು. ಕಾದಂಬರಿ ಎಂಬ ಪ್ರಕಾರವೇ ಮತ್ತೆ ಕೇಳುವ ಕಲೆಯಾಯಿತು.

ಇನ್ನು ರಾಷ್ಟ್ರೀಯತೆಯ ಪ್ರಶ್ನೆ. ಗಿಕುಯು ಕೀನ್ಯಾದ ನಲವತ್ತಕ್ಕೂ ಹೆಚ್ಚು ನುಡಿಗಳಲ್ಲಿ ಒಂದು. ಅದೂ ದುರ್ಬಲ ಸಮುದಾಯದ ನುಡಿಯಲ್ಲ: ಸ್ವತಃ ಕೆನ್ಯಾಟಾ ಗಿಕುಯು, ಸ್ವಾತಂತ್ರ್ಯದ ಲಾಭ ಅವರ ಜನಾಂಗದ ಮೇಲ್ವರ್ಗಕ್ಕೇ ಹೆಚ್ಚು ಸಿಕ್ಕಿತೆಂಬ ಅಸಮಾಧಾನ ಉಳಿದ ಸಮುದಾಯಗಳಲ್ಲಿತ್ತು. ಹೀಗಿರುವಾಗ ಗಿಕುಯುವಿನಲ್ಲಿ ಬರೆಯುವುದು ರಾಷ್ಟ್ರೀಯತೆಯೋ ಜನಾಂಗೀಯತೆಯೋ? ಲುವೊ ಅಥವಾ ಕಲೆಂಜಿನ್ ಭಾಷಿಕರು ಈ ಸಾಹಿತ್ಯದಲ್ಲಿ ಎಲ್ಲಿ ನಿಲ್ಲುತ್ತಾರೆ? ಸ್ವಾಹಿಲಿಯಂಥ, ಯಾವ ಒಂದು ದೊಡ್ಡ ಜನಾಂಗಕ್ಕೂ ಸೇರದ ಸಂಪರ್ಕ ಭಾಷೆ ಇರುವಾಗ ಅದರಲ್ಲಿ ಬರೆಯಬಹುದಿತ್ತಲ್ಲವೇ? ಗೂಗಿಯವರ ಬರಹಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರವಿದ್ದರೂ ಅದು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಪ್ರತಿ ನುಡಿಯಲ್ಲಿಯೂ ಬರೆಯಲಿ, ಒಂದರಿಂದ ಒಂದಕ್ಕೆ ಅನುವಾದವಾಗಲಿ ಎನ್ನುವುದು ಅವರ ವಾದ. ಆದರೆ ಗಿಕುಯುವಿನಿಂದ ಅವರ ಕಾದಂಬರಿಗಳು ಜಗತ್ತಿನ ಓದುಗರನ್ನು ಮುಟ್ಟಿದ್ದು ಬಹುಮಟ್ಟಿಗೆ ಅವರೇ ಮಾಡಿದ ಇಂಗ್ಲಿಷ್ ಅನುವಾದದ ದಾರಿಯಲ್ಲಿ.

ವಾದಕ್ಕಿಂತ ಉತ್ತಮವಾದ ಉತ್ತರ ಕಮಿರೀಥುವಿನ ಎರಡನೆಯ ನಾಟಕದಲ್ಲಿತ್ತು. ‘ಮೈತು ಞುಗಿರಾ’, ಅಂದರೆ ‘ಅಮ್ಮಾ, ನನಗಾಗಿ ಹಾಡು’, 1920–30ರ ದಶಕಗಳಲ್ಲಿ ಆಫ್ರಿಕನ್ ದುಡಿಮೆಗಾರರು ಕೊರಳಲ್ಲಿ ಗುರುತುಚೀಟಿ ಕಟ್ಟಿಕೊಂಡು ತಿರುಗಬೇಕಾಗಿದ್ದ ಕಾಲದ ಕಥೆ. ಅದರಲ್ಲಿ ಕೀನ್ಯಾದ ಹಲವು ಜನಾಂಗಗಳ ಹಾಡುಗಳನ್ನು ಆಯಾ ನುಡಿಗಳಲ್ಲಿಯೇ ಪೋಣಿಸಲಾಗಿತ್ತು. ಒಂದೇ ಭಾಷೆಯ ನಾಟಕ ದೇಶವನ್ನು ಒಡೆಯುತ್ತದೆ ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯೇ ಇರಲಿಲ್ಲ. 1982ರ ಫೆಬ್ರುವರಿಯಲ್ಲಿ ಅದನ್ನು ನೈರೋಬಿಯ ರಾಷ್ಟ್ರೀಯ ರಂಗಮಂದಿರದಲ್ಲಿ ಆಡಬೇಕಿತ್ತು. ತಂಡ ಬಂದಾಗ ಬಾಗಿಲಿಗೆ ಬೀಗವಿತ್ತು. ವಿಶ್ವವಿದ್ಯಾಲಯದ ಆವರಣದಲ್ಲಿ ತಾಲೀಮು ಮುಂದುವರಿಸಿದಾಗ ಅದನ್ನು ನೋಡಲು ಸಾವಿರಾರು ಜನ ಸೇರಿದರು, ಆ ಬಾಗಿಲೂ ಮುಚ್ಚಿತು. ಮಾರ್ಚ್‌ನಲ್ಲಿ ಕಮಿರೀಥು ಕೇಂದ್ರದ ನೋಂದಣಿ ರದ್ದಾಯಿತು, ಅದರ ಬೆನ್ನಿಗೇ ಲಾರಿಗಳಲ್ಲಿ ಬಂದ ಪೊಲೀಸರು ಬಯಲು ರಂಗಮಂದಿರವನ್ನು ಕೆಡವಿ ನೆಲಸಮ ಮಾಡಿದರು. ಗಿಕುಯು ಮಾತ್ರ ಇದ್ದ ನಾಟಕವನ್ನು ನಿಲ್ಲಿಸಿದವರು ಬಹುಭಾಷೆಯ ನಾಟಕಕ್ಕೆ ಕಟ್ಟಡವನ್ನೇ ಕೆಡವಿದರು. ರಾಷ್ಟ್ರೀಯ ಐಕ್ಯದ ಕಾಳಜಿಯಿಂದ ಮೊದಲ ನಾಟಕ ನಿಂತಿತೆಂದು ಯಾರಾದರೂ ನಂಬಿದ್ದರೆ, ಎರಡನೆಯದರ ಗತಿ ಕಂಡ ಮೇಲೆ ಹಾಗೆ ನಂಬುವುದು ಕಷ್ಟ. ಆ ವರ್ಷ ವಿದೇಶದಲ್ಲಿದ್ದ ಗೂಗಿ ಹಿಂದಿರುಗಲಿಲ್ಲ. ಗೂಗಿ ವಾ ಮಿರೀ ಮತ್ತು ಗೆಚಾವ್ ಜಿಂಬಾಬ್ವೆಗೆ ಹೋದರು.

ದೇಶದಾಚೆಯಿಂದ ಗೂಗಿ 1986ರಲ್ಲಿ ಪ್ರಕಟಿಸಿದ ‘ಡಿಕಾಲನೈಸಿಂಗ್ ದ ಮೈಂಡ್’ ಇಂಗ್ಲಿಷಿಗೆ ಅವರು ಹೇಳಿದ ವಿದಾಯವೆಂದು ಪ್ರಸಿದ್ಧ. ಆ ವಿದಾಯವೂ ಇಂಗ್ಲಿಷಿನಲ್ಲಿತ್ತು, ಮುಂದೆ ಬಂದ ಪ್ರಬಂಧಗಳೂ ಆತ್ಮಕಥನದ ಸಂಪುಟಗಳೂ ಅದೇ ಭಾಷೆಯಲ್ಲಿ ಬಂದವು. ಇದನ್ನು ಇಬ್ಬಂದಿತನವೆಂದು ಅಣಕಿಸುವವರಿದ್ದಾರೆ. ಕೇಳುಗರಿಂದ ದೂರವಾದ ಲೇಖಕನಿಗೆ ಕೇಳುಗರ ನುಡಿಯನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನೇ ಅದು ತೋರಿಸುತ್ತದೆ ಎಂದು ನನ್ನ ಗ್ರಹಿಕೆ. ಅದೇ ವರ್ಷ ಬಂದ ಗಿಕುಯು ಕಾದಂಬರಿ ‘ಮತಿಗಾರಿ’ಯ ಕಥೆ ಮಾತ್ರ ಬೇರೆ. ಸತ್ಯ ಮತ್ತು ನ್ಯಾಯ ಎಲ್ಲಿದೆ ಎಂದು ಕೇಳುತ್ತ ಮತಿಗಾರಿ ಎಂಬುವನು ಊರೂರು ತಿರುಗುತ್ತಿದ್ದಾನೆಂದು ರೈತರು ಮಾತಾಡಿಕೊಳ್ಳುವುದು 1987ರ ಆರಂಭದಲ್ಲಿ ಗುಪ್ತಚರರ ಕಿವಿಗೆ ಬಿತ್ತು, ಆತನ ಬಂಧನಕ್ಕೆ ಆದೇಶವೂ ಹೊರಟಿತು. ಅವನೊಂದು ಕಾದಂಬರಿಯ ಪಾತ್ರವೆಂದು ತಿಳಿದ ಮೇಲೆ ಪೊಲೀಸರು ಪುಸ್ತಕದಂಗಡಿಗಳಿಗೆ ನುಗ್ಗಿ ಪ್ರತಿಗಳನ್ನು ಹೊತ್ತೊಯ್ದರು.

ಗೂಗಿ 2025ರ ಮೇ 28ರಂದು ಅಮೆರಿಕದಲ್ಲಿ ತೀರಿಕೊಂಡರು. ಅದಕ್ಕೆ ಮೂರು ವರ್ಷ ಮೊದಲು, 2022ರ ಮೇ ತಿಂಗಳಲ್ಲಿ, ‘ಙಾಹಿಕಾ ನ್ದೇಂದಾ’ ನೈರೋಬಿಯಲ್ಲಿ ಮತ್ತೆ ರಂಗಕ್ಕೆ ಬಂತು. ಪ್ರದರ್ಶನ ನಡೆದದ್ದು 1982ರಲ್ಲಿ ಕಮಿರೀಥು ತಂಡಕ್ಕೆ ಬೀಗ ಹಾಕಿದ್ದ ಅದೇ ರಾಷ್ಟ್ರೀಯ ರಂಗಮಂದಿರದಲ್ಲಿ. ಕೆಲವು ಪ್ರದರ್ಶನಗಳು ಗಿಕುಯುವಿನಲ್ಲಿದ್ದವು, ಕೆಲವು ಇಂಗ್ಲಿಷಿನಲ್ಲಿ. ಟಿಕೆಟ್ ಕೊಳ್ಳುವವರು ತಮಗೆ ಬೇಕಾದ ಭಾಷೆಯನ್ನು ಆರಿಸಿಕೊಳ್ಳಬಹುದಿತ್ತು.